ಔಡಲ ಎಲೆಯ ಕೆಳಗೆ

ಹುಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ.
ರೈಲು ಮೊದಲ ಸಲ ಶಹಾಬಾದಕ್ಕೆ ಬಂದಾಗ
ಎರಡು ಕೊಡ ಹೊರುವಷ್ಟು ದೊಡ್ಡವನಿದ್ದ;
ಇಷ್ಟೇ ಲೆಕ್ಕ, ಲಾಡ್ಲೇಸಾಬ ಬಾಗವಾನನ ವಯಸ್ಸಿಗೆ.

ತಿಂಗಳಿಗೆ ಮೂರು ರೂಪಾಯಿ,
ಇಂಜಿನಿಯರ್ ಸಾಹೇಬನ ಬಂಗ್ಲೆ ತೋಟಕ್ಕೆ ನೀರು.
ಅಕ್ಷರ ಬರದು. ವಿಲಾಯತಿ ಗಿಡಗಳ ಹೆಸರು
ನಾಲಿಗೆಗೆ ಒಗ್ಗುವಂತೆ ತಾನೇ ತಿದ್ದಿಕೊಂಡಿದ್ದ:
ಜಿರೇನಿಯಂ ಜರೀನಾಬಿ, ಡೇಲಿಯಾ ದೌಲತ್‌ಬಿ.
ಮೇಮ್‌ಸಾಹೇಬಳು ನಗುತ್ತಿದ್ದಳು.
ಗಿಡಗಳು ಓಗೊಡುತ್ತಿದ್ದವು.

ಹಡಗಿನಲ್ಲಿ ಬಂದ ಜರೀಗಿಡ, ಇಪ್ಪತ್ತೆರಡು ಕುಂಡ,
ಯುಗಾದಿಗೆ ಮೊದಲೇ ಬೆಂದುಹೋಗಿ ಉಳಿದವು ಏಳು.
ಗಾಜಿನ ಮನೆ ಬೇಕೆಂದು ಸಾಹೇಬ ಬೊಂಬಾಯಿಗೆ ಬರೆದ,
ಬೊಂಬಾಯಿ ಬೆಲೆ ಬರೆದು ಕಳಿಸಿತು,
ಕಾಗದ ಮಡಚಿ ಕಿಸೆ ಸೇರಿತು.

ಆ ವಾರ ಬಾವಿಕಟ್ಟೆಗೆ ಕೂತು ಉಣ್ಣುವಾಗ
ಬಿಸಿಲಿಗೆಂದು ನೆತ್ತಿಗೆ ಹಿಡಿದ ಔಡಲ ಎಲೆ;
ಕತ್ತೆತ್ತಿ ನೋಡಿದ.
ಒಂದೇ ಚುಕ್ಕೆಯಿಂದ ಹೊರಟ ಎಂಟು ನರ,
ನರದಿಂದ ನರಕ್ಕೆ ಹಾಯುವ ಸಣ್ಣ ನರ,
ನಡುನಡುವೆ ಹಸಿರು ಬೆಳಕು.
ದಂಟು ಮುರಿದು ಕಣ್ಣಿಗಿಟ್ಟ: ಪೊಳ್ಳು.
ರೊಟ್ಟಿ ಅಲ್ಲೇ ಬಿಟ್ಟು ಎದ್ದ. ಕಾಗೆಗಳು ಉಂಡವು.

ಕೆಟ್ಟು ನಿಂತ ಡಬ್ಬಿಗಳ ಕಿಟಕಿಗಾಜು ಎಂಬತ್ತಾರು,
ಬಾಗಿದ ಹಳಿ ಎಂಟು,
ನಟ್ಟನಡುವೆ, ಒಂದು ಕಾಲದಲ್ಲಿ
ಇಂಜಿನ್ನಿಗೆ ನೀರು ಕುಡಿಸಿದ ಕಬ್ಬಿಣದ ಕೊಳವೆ.
ಮಾಡಿನ ಮಳೆ ಅದರ ಹೊಟ್ಟೆಯೊಳಗಿಂದ ಇಳಿದು
ನೆಲದಡಿಯ ಹೌದಿಗೆ ಹೋಗಬೇಕು.
ಹಾಸಲು ಕಲ್ಲು? ಶಹಾಬಾದದಲ್ಲಿ ಕೂತು
ಕಲ್ಲೆಲ್ಲಿ ಅಂತ ಯಾರು ಕೇಳುತ್ತಾರೆ!
ನಕ್ಷೆ ಇದ್ದಿಲಿನದು, ಕುದುರೆಲಾಯದ ಗೋಡೆಗೆ.
ದೊಡ್ಡ ಅಳತೆಗೆ ತನ್ನ ಮೊಳ,
ಸಣ್ಣದಕ್ಕೆ ಹೆಂಡತಿ ಹುಸೇನಬಿಯ ಗೇಣು;
ಅವಳು ಬರುವತನಕ ಕೆಲಸ ನಿಲ್ಲುತ್ತಿತ್ತು.

ಸೊಲ್ಲಾಪುರದ ಓವರ್‌ಸಿಯರ್ ಬಂದು
ಟೋಪಿ ತೆಗೆದು ಮೇಲೆ ನೋಡಿ, ಟೋಪಿ ಹಾಕಿಕೊಂಡ:
"ಮೊದಲ ಮಳಿಗೇ ಬೀಳ್ತದ."
ಮೊದಲ ಮಳೆ ಆಣೆಕಲ್ಲಿನದು.
ಬೆಳಗಾದರೆ ಊರೆಲ್ಲ ಒಡೆದ ಗಾಜು ಎಣಿಸುತ್ತಿತ್ತು: ಮೂವತ್ತೊಂದು.
ಅವನು ನರ ಎಣಿಸಿದ.
ಎಂಟಕ್ಕೆ ಎಂಟು.

ಆಮೇಲೆ ಕರೆ ಬರತೊಡಗಿತು.
ದೇಸಾಯರ ಬಾವಿ, ವಾಡಿಯ ಮಾಲಗೋದಾಮು,
ಜೇವರ್ಗಿ ಹಾದಿಯ ಮುಸಾಫಿರಖಾನೆ.
ನೆಲಕ್ಕೆ ಕೂರುತ್ತಿದ್ದವನಿಗೆ ಕುರ್ಚಿ ಹಾಕಿದರು.
ಕೂರುವ ಮೊದಲು ಬಗ್ಗಿ ನೋಡಿ,
"ಈ ಕಾಲು ಒಂದು ಬೆರಳ ಸಣ್ಣದದ" ಅಂದ.
ಎಲ್ಲಿ ಕಲಿತೆ ಎಂದು ಕೇಳಿದರೆ:
"ಕಲ್ತಿಲ್ರಿ. ಕೆಳಗಿಂದ ನೋಡೀನಿ."

ಬಾಗಿಲ ಮೇಲಿನ ಕಲ್ಲಲ್ಲಿ ಸಾಹೇಬನ ಹೆಸರು ಕೊರೆದರು.
ಲಾಡ್ಲೇಸಾಬ ಏನೂ ಅನ್ನಲಿಲ್ಲ.
ಹೊಸ್ತಿಲ ಪಕ್ಕ ಔಡಲ ಹುಟ್ಟಿತು.
ಕಿತ್ತರು, ಹುಟ್ಟಿತು.
ಯಾರು ಬೀಜ ಹಾಕಿದರೋ,
ಔಡಲಕ್ಕೆ ಯಾರೂ ಹಾಕಬೇಕಾಗಿಲ್ಲ.

ನಾನು ಪಾಲಿಟೆಕ್ನಿಕ್ಕಿನಲ್ಲಿ ನಕ್ಷೆ ಕಲಿಸುವವಳು.
ಟೇಪು ಹಿಡಿದು ಹೋದಾಗ ಗಾಜು ಒಂದೂ ಇರಲಿಲ್ಲ;
ಹಳಿ ಮೂರು, ಕೊಳವೆ ಒಂದು, ಒಳಗೆಲ್ಲ ಆಡಿನ ಹಿಕ್ಕೆ.
ಏಣಿ ಹತ್ತಿ ಚೊಂಬು ನೀರು ಸುರಿದೆ.
ಸದ್ದಿಲ್ಲ.
ಇನ್ನೊಂದು ಸುರಿದೆ. ಸದ್ದಿಲ್ಲ.
ಮೂರನೆಯದಕ್ಕೆ ಗೋಡೆಯಾಚೆ ಓಣಿಯಿಂದ
ಹೆಂಗಸೊಬ್ಬಳು ಚೀರಿದಳು:
"ಯಾರವ್ವಾ ಅದು? ಬಿರುಬಿಸಿಲಾಗ
ನನ್ನ ಕಟ್ಟಿ ಬುಡಕ ನೀರು ಎಲ್ಲಿಂದ ಬರ್ಲಾಕತ್ತದ?"