ನಲವತ್ತೊಂದನೆಯ ಸಾಲು

ತಾರ್ತುವಿನಲ್ಲಿ ಆ ಚಳಿಗಾಲ ನಾವಿಬ್ಬರೂ ಒಂದೇ ಅಲೆಯನ್ನು
ಎರಡು ತುದಿಯಿಂದ ಕೊರೆಯುತ್ತಿದ್ದೆವು.
ನಾನು ಸೊನ್ನೆಯಿಂದ ಹೊರಟವಳು,
ಹೆಲ್ವೆ ಅನಂತದಿಂದ.
ಅನಂತ ಅಂದರೆ ನಮಗೆ ಇಪ್ಪತ್ತು;
ಅದರಾಚೆಗೆ ಕಾಗದ ಸಾಲುತ್ತಿರಲಿಲ್ಲ.

ನಿನ್ನೆ ಗೊತ್ತು, ಇಂದು ಗೊತ್ತು,
ಬಾವಿಯ ಆಳ ಗೊತ್ತು. ಹನ್ನೆರಡರಿಂದ ಭಾಗಿಸು,
ನಾಳೆ ಬರುತ್ತದೆ.
ಹಿಡಿಕೆ ಮುಂದಕ್ಕೆ ತಿರುವಿದರೆ ಕೂಡುವ ಯಂತ್ರ,
ಹಿಂದಕ್ಕೆ ತಿರುವಿದರೆ ಕಳೆಯುತ್ತದೆ,
ಸೊನ್ನೆ ದಾಟಿ ಕೆಳಗಿಳಿದರೆ ಪುಟ್ಟ ಗಂಟೆ.
ಎಂಟು ದಶಾಂಶ, ಅಷ್ಟೇ. ಮಿಕ್ಕಿದ್ದನ್ನು ಉದುರಿಸು.
ಹನಿಗೂಡಿದರೆ ಹಳ್ಳ:
ಉದುರಿಸಿದ್ದಕ್ಕೂ ಅದೇ ಮಾತು.

ಒಬ್ಬಳೇ ಈ ತುದಿಯಿಂದ ಆ ತುದಿಗೆ ಯಾಕೆ ಹೋಗಬಾರದು
ಎಂದು ಲಾನೆಸಾರರನ್ನು ಕೇಳಿದ್ದೆ.
ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ,
ಅವತ್ತು ಮಾತ್ರ ನೇರ ಹೇಳಿದರು:
ಗೋಡೆಯೊಳಗೆ ಹೊಕ್ಕ ಅಲೆ ಸಾಯುತ್ತ ಹೋಗಬೇಕು.
ಅದು ಸಾಯುತ್ತದೆ.
ನಿನ್ನ ತಪ್ಪು ಸಾಯುವುದಿಲ್ಲ, ಮೈ ತುಂಬಿಕೊಳ್ಳುತ್ತದೆ.

ಮೂರು ಪಾಯಿಂಟ್ ಎರಡರಲ್ಲಿ ನಾವು ಸೇರಬೇಕು.
ಎತ್ತರ ಸರಿಮಾಡಿದೆವು. ಇಳಿಜಾರು ಕೂಡಲಿಲ್ಲ,
ಮಧ್ಯೆ ಒಂದು ಮೊಣಕೈ.
ಶಕ್ತಿ ತುಸು ಏರಿಸಿ, ಮತ್ತೆ ಮೊದಲಿಂದ.
ತುಸು ಇಳಿಸಿ, ಮತ್ತೆ.
ಆರು ಸಲ ಮೊಣಕೈ ಸಣ್ಣಗಾಗುತ್ತ ಬಂತು.
ಏಳನೆಯ ಸಲ ಚಾಚಿಕೊಂಡಿತು.

ಸಾಲಿನಿಂದ ಸಾಲು ಕಳೆದೆ, ಬಂದದ್ದರಲ್ಲಿ ಮತ್ತೆ ಕಳೆದೆ,
ನಾಲ್ಕನೆಯ ಸಲಕ್ಕೆ ಅವಳ ಪಟ್ಟಿಯಲ್ಲಿ
ನುಣುಪು ಅಂಕಿಗಳ ನಡುವೆ ಮುಳ್ಳು ಕೈಗೆ ತಾಗಿತು.
ನಲವತ್ತೊಂದು. ಆರು ಇರಬೇಕಾದಲ್ಲಿ ಒಂಬತ್ತು.
ಅಂಚಿನಲ್ಲಿ ಅವಳದೇ ಅಕ್ಷರ: ಮಂಗಳವಾರ.

ಮಂಗಳವಾರ ಅಂಚೆಯವಳು ಮಹಡಿ ಹತ್ತಿ ಬಂದಿದ್ದಳು.
ಕ್ರಾಸ್ನೊಯಾರ್ಸ್ಕಿನ ಮುದ್ರೆ,
ತಮ್ಮನದಲ್ಲದ ಕೈಬರಹ.
ಹೆಲ್ವೆ ಓದಿದಳು, ನಾಲ್ಕಾಗಿ ಮಡಿಸಿ
ಕೈಗವಸಿನೊಳಗೆ ಇಟ್ಟಳು, ಹಿಡಿಕೆ ತಿರುವಿದಳು.
ನಾನು ಕೇಳಲಿಲ್ಲ. ಆಗ ಕೇಳುವ ಕಾಲವಲ್ಲ.
ಅಂಕಣ ಬರೆದಿಟ್ಟುಕೊಂಡಿತ್ತು.

"ನಲವತ್ತೊಂದು" ಎಂದೆ.
"ಹೂಂ" ಎಂದಳು.
ಅಲ್ಲಿಂದೀಚೆಗಿನ ಎಪ್ಪತ್ತೊಂಬತ್ತು ಸಾಲುಗಳನ್ನು
ಅವಳು ಓದಿದಳು, ನಾನು ತಿರುವಿದೆ.
ಸಂಜೆ ಆರಕ್ಕೆ ಮೊಣಕೈ ಐದನೆಯ ದಶಾಂಶಕ್ಕೆ ಸರಿದಿತ್ತು.
ಸಾಕು, ಎಂದರು ಲಾನೆಸಾರ್.
ಅವಳು ಒಂಬತ್ತನ್ನು ಅಳಿಸಲಿಲ್ಲ,
ಮೇಲೊಂದು ಗೆರೆ ಎಳೆದಳು, ತೆಳ್ಳಗೆ, ಓದಲು ಬರುವ ಹಾಗೆ.

ಮನೆಗೆ ಎಮಯೊಗಿ ಹೊಳೆಯ ಮೇಲೆ ಹಾಯಬೇಕು.
ಎರಡು ದಡಗಳಿಂದ ಹೊರಟ ಮಂಜು
ನಡುವೆ ಎಲ್ಲೋ ಮೊನ್ನೆಯಷ್ಟೇ ಕೂಡಿದೆ.
ಅಲ್ಲಿಗೆ ಬಂದಾಗ ಹೆಲ್ವೆ ನಿಂತು
ಹಿಮ್ಮಡಿಯಿಂದ ಒಮ್ಮೆ ತಟ್ಟಿದಳು.
ಕಿವಿಗೊಟ್ಟಳು.
ಇನ್ನೊಮ್ಮೆ ತಟ್ಟಿದಳು.