ಅರವತ್ತೆರಡು ಪೌಂಡು

ಹೆಸರು ಪುಟ್ಟಮಾದು; ಆರೂಮುಕ್ಕಾಲು ಅಡಿ ಆಳು.
ಶಿವರಾಂಪೇಟೆಯ ನನ್ನ ಗಟ್ಟಿಂಗ್ ಅಂಗಡಿಗೆ
ತಲೆ ಬಗ್ಗಿಸದೆ ನುಗ್ಗಿದ್ದು ಒಂದೇ ಸಲ,
ಹಣೆಯ ಮೇಲೆ ಈಗಲೂ ಗೆರೆಯಿದೆ.

"ಅರವತ್ತೆರಡು ಪೌಂಡು ಬಿಗಿದ್ಕೊಡಿ ಸಾಬ್ರೆ."
"ಕಿತ್ತೋಗ್ತದೆ ಕಣಪ್ಪ."
"ಹೋಗ್ಲಿ ಬುಡಿ, ಅಷ್ಟ್ರಲ್ಲಿ ಚೆಂಡು ಹೋಗಿರ್ತದೆ."

ಹೋಗಿರುತ್ತಿತ್ತು.
ಚಾಮರಾಜಪುರದ ಕೆಮ್ಮಣ್ಣಿನ ಕೋರ್ಟಿನಲ್ಲಿ
ಈಡುಗಾಯಿ ಒಡೆದ ಸದ್ದು, ಆಮೇಲೆ
ಹಿಂದಿನ ತಂತಿಬೇಲಿ ನಡುಗುವುದು.
ನಡುವೆ ಏನಾಯಿತೆಂದು
ಎದುರಾಳಿಯನ್ನೂ ಕೇಳಬೇಡಿ.

ಕೈರೋ, ತಾಷ್ಕೆಂಟು, ನನಗೆ ಹೇಳಲು ಬಾರದ ಊರುಗಳು.
ಅವನ ಸರ್ವ್ ಯಾರಿಗೂ ಮುರಿಯಲಾಗಲಿಲ್ಲ,
ಯಾರದೂ ಅವನಿಗೆ ಮುರಿಯಲಾಗಲಿಲ್ಲ.
ಏಳು ಆರು, ಆರು ಏಳು, ಆರು ಏಳು:
ಹನ್ನೊಂದು ವರ್ಷ ಹೀಗೇ ಕೂಡಿ ಕಳೆದು
ಮುನ್ನೂರ ನಾಲ್ಕನೆಯ ರ‍್ಯಾಂಕು.
ಮಂಡ್ಯದ ಫಿರಂಗಿ ಅಂತ ಪೇಪರಿನಲ್ಲಿ ಬಂತು, ಒಂದು ಸಲ,
ಸಿಮೆಂಟಿನ ಜಾಹೀರಾತಿನ ಪಕ್ಕ.

ನನಗೆ ರಾಕೆಟ್ಟೇ ಹೇಳಿತ್ತು ಮೊದಲು.
ಮೇಲೊಂದು ಅಂಗೈಯಗಲ ಸವೆದು ನಾರು;
ಕೆಳಗಿನ ಎಳೆಗಳು ಕಟ್ಟಿದ ದಿನದ ಹಾಗೇ ಹೊಳೆಯುತ್ತ.
ಒಂದೇ ಮಾತು ಬಲ್ಲವನು
ಜಗಳವನ್ನೂ ಅದರಲ್ಲೇ ಆಡಬೇಕು,
ಸಾಲವನ್ನೂ ಅದರಲ್ಲೇ ಕೇಳಬೇಕು.

ನಿನ್ನೆ ಬಂದಿದ್ದ, ಭುಜಕ್ಕೆ ಮೂರನೇ ಸಲ ಹೊಲಿಗೆ ಬಿದ್ದಮೇಲೆ.
ಬಾಗಿಲು ಎತ್ತರ ಮಾಡಿಸಿ ಎರಡು ವರ್ಷವಾಯಿತು;
ಇವನು ಇನ್ನೂ ಬಗ್ಗುತ್ತಾನೆ.
"ಅರವತ್ತೆರಡು, ಸಾಬ್ರೆ. ಹುಡುಗ್ರಿಗೆ ಹೇಳ್ಕೊಡೋಕೆ ಅಷ್ಟೆ."

ನಲವತ್ತೆಂಟು ಬಿಗಿದೆ.
ಚೀಟಿಯಲ್ಲಿ ಅರವತ್ತೆರಡು ಬರೆದೆ.
ಅಂಗೈಗೆ ಎರಡು ಸಲ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳಿದ.
ದುಡ್ಡು ಎಣಿಸಿ ಇಟ್ಟ.
ಏನೂ ಅನ್ನಲಿಲ್ಲ.