ತಲೆ ಎಣಿಕೆ

ಇವತ್ತು ಫಲಕ ತಿರುವಿಟ್ಟಿದ್ದಾನೆ ನನ್ನ ಗಂಡ.
ಬಕ್ಲಾರನ್ ಇಲ್ಲ, ದಿವಿಸೋರಿಯಾ ಇಲ್ಲ,
ಜೀಪ್ನಿಯ ಮೂತಿ ಬತಾಂಗಸ್ ಕಡೆಗೆ.
ಎರಡೂ ಬೆಂಚಿನ ತುಂಬ ನಮ್ಮವರೇ:
ಅತ್ತೆ, ನಾದಿನಿ, ನಾದಿನಿಯ ಗಂಡ,
ತಂತಿಯೊಂದು ಕಮ್ಮಿಯಾದ ಅವನ ಗಿಟಾರು,
ಕಾಲಡಿಗೆ ಅನ್ನದ ಹಂಡೆ, ಮಂಜುಗಡ್ಡೆಯ ಡಬ್ಬ,
ತಿರುವು ಬಂದಾಗಲೆಲ್ಲ ಉರುಳಿ
ಎಲ್ಲರ ಪಾದ ಮಾತಾಡಿಸಿ ಬರುವ ಒಂದು ಕಲ್ಲಂಗಡಿ.
ಮತ್ತೆ ಮಕ್ಕಳು. ನನ್ನವು ಮೂರು, ಅವಳವು ನಾಲ್ಕು.

ದಿನವೂ ನನ್ನ ಕೆಲಸ ಇದೇ. ಗಂಡನ ಬೆನ್ನ ಹಿಂದೆ ಕೂತು
ತಲೆ ಎಣಿಸುವುದು, ಚಿಲ್ಲರೆ ಎಣಿಸುವುದು,
ಯಾರು ಕೊಟ್ಟರು, ಯಾರು ನಿದ್ದೆ ನಟಿಸಿದರು.
ಮುಖ ಮರೆಯುತ್ತೇನೆ,
ಲೆಕ್ಕ ಮರೆತವಳಲ್ಲ.

ಕಡಲ ಬಾಗಿಲಿಗೆ ಬಿದಿರಿನ ಅಡ್ಡಗೋಲು, ಪ್ಲಾಸ್ಟಿಕ್ ಕುರ್ಚಿ,
ಕುರ್ಚಿಯಲ್ಲಿ ರಸೀದಿ ಹರಿಯುವವನು:
ತಲೆಗೆ ಇಪ್ಪತ್ತು ಪೆಸೊ, ಏಳು ತುಂಬದವಕ್ಕೆ ಬಿಟ್ಟಿ.
"ಇವಳಿಗಿನ್ನೂ ಆರು" ಅಂದೆ.
"ಏಳು!" ಅಂದಳು ಬೆನಿಲ್ದಾ, ಬೆರಳು ಸಮೇತ.
ಬಿದ್ದ ಹಲ್ಲಿನ ಕಿಂಡಿಯೂ ಅವಳ ಪರ ಸಾಕ್ಷಿ ನುಡಿಯಿತು.
ಇಪ್ಪತ್ತು ತೆತ್ತೆ. ಅವನು ನಗಲಿಲ್ಲ,
ಅಷ್ಟು ದೊಡ್ಡತನ.

ಎಡಕ್ಕೊಂದು ರಿಸಾರ್ಟು, ಬಲಕ್ಕೊಂದು ರಿಸಾರ್ಟು,
ನಡುವೆ ಎಲ್ಲರದೂ ಎಂದು ಉಳಿದ ಕಡಲು
ಎರಡು ಮನೆಯ ಓಣಿಯಷ್ಟು.
ಕೆಂಪು ಉಂಡೆ ಪೋಣಿಸಿದ ಹಗ್ಗದಾಚೆ
ಸಾಲು ಸಾಲು ಬಿಳಿ ಮಂಚ, ಮಲಗಿದವರಿಲ್ಲ.
ಅಲೆ ಮಾತ್ರ ಹಗ್ಗದಡಿ ನುಸುಳಿ
ಆ ಕಡೆಯ ಒಂಟಿ ಚಪ್ಪಲಿಯೊಂದನ್ನು
ನಮ್ಮ ಚಾಪೆಯ ಬಳಿ ಬಿಟ್ಟು ಹೋಯಿತು.
ಜೋಡಿ ಬಂದೀತೆಂದು ಅತ್ತೆ ಎತ್ತಿಟ್ಟುಕೊಂಡಳು.
ಉಟ್ಟ ಬಟ್ಟೆಯಲ್ಲೇ ಕೂತು, ನೋವಿನ ಮಂಡಿಗಳನ್ನು
ಬಿಸಿ ಮರಳಲ್ಲಿ ಹೂತು, ಮಗ್ಗಲು ಬದಲಿಸಲೂ ಒಲ್ಲಳು.

ನೀರಿಗೆ ಬಿದ್ದ ಮಕ್ಕಳಿಗೆ ಮುಖ ಇರುವುದಿಲ್ಲ.
ತಲೆಗಳಷ್ಟೇ, ಒದ್ದೆ, ಕಪ್ಪು,
ತೇಲಿಬಿಟ್ಟ ತೆಂಗಿನ ಚಿಪ್ಪಿನಂತೆ.
ಒಂದು, ಎರಡು, ಮೂರು...
ಮೀನು ಕರಿಯುತ್ತ ಎಣಿಸಿದೆ, ಟೊಮೇಟೊ ಹೆಚ್ಚುತ್ತ ಎಣಿಸಿದೆ,
ಗಿಟಾರು ತಪ್ಪು ಹಾಡುವಾಗಲೂ ತುಟಿಯೊಳಗೇ
ನಾಲ್ಕು, ಐದು, ಆರು.

ಆರು.

ಇನ್ನೊಮ್ಮೆ. ಆರು.
ಸೌಟು ಕೈಯಲ್ಲೇ ಇತ್ತು, ಕಾಲು ನೀರಲ್ಲಿತ್ತು,
ಬಾಯಿ "ಏಳು, ಏಳು" ಅನ್ನುತ್ತಿತ್ತು.
ಅದು ಎಣಿಕೆಯೋ, ಮುಳುಗಿದವನಿಗೆ ಹೇಳಿದ್ದೋ,
ನನಗೆ ಇವತ್ತಿಗೂ ತಿಳಿಯದು.
ಎದ್ದ ಇಸ್ಕೋ. ಮೂಗಲ್ಲಿ ನೀರು, ಮುಷ್ಟಿಯಲ್ಲಿ ಕೆಸರು,
"ಅಮ್ಮಾ, ನೆಲ ಸಿಕ್ಕಿತು!"
ಬಾರಿಸಿದೆ. ಆಮೇಲೆ ಅಪ್ಪಿದೆ.
ಸೌಟಿನ ಎಣ್ಣೆ ಅವನ ಬೆನ್ನಿಗಾಯಿತು.

ಊಟಕ್ಕೆ ಬಾಳೆಲೆ ಹಾಸಿ ಎಣಿಸಿದರೆ ಎಂಟು.
ಅದೇ ಒದ್ದೆ ಕೂದಲು, ಅದೇ ಉಪ್ಪು ಬೆಳೆದ ಹುಬ್ಬು,
ಮೀನಿನ ತಲೆಯನ್ನೇ ಬಯಸಿ ಎಳೆದುಕೊಂಡ ಕೈ.
"ಯಾರ ಮಗನೋ?"
"ಟ್ಯೂಬ್ ಬಾಡಿಗೆಯವರ ಮಗ. ಅಂಬೊ."
ಗಂಟೆಗೆ ಐವತ್ತೆಂದು ಬೆಳಿಗ್ಗೆ ಗದರಿದ್ದ ಅದೇ ಮನೆಯವನು.
ಮತ್ತೊಂದು ಮುದ್ದೆ ಅನ್ನ ಇಟ್ಟೆ.
ಮಧ್ಯಾಹ್ನ ಅವನು ಲಾರಿಯ ದೊಡ್ಡ ಟ್ಯೂಬನ್ನೇ
ತಲೆಯ ಮೇಲೆ ಹೊತ್ತು ತಂದ, ಅಪ್ಪ ನೋಡದ ದಾರಿಯಲ್ಲಿ,
ಎಂಟೂ ಮಂದಿ ಅದಕ್ಕೆ ಜೋತುಬಿದ್ದರು, ಇರುವೆಗಳ ಹಾಗೆ.
ಎಂಟರ ತನಕ ಎಣಿಸುವುದು
ಒಂದೇ ಮಧ್ಯಾಹ್ನದಲ್ಲಿ ರೂಢಿಯಾಗಿಬಿಟ್ಟಿತು.

ಸಂಜೆ ಜೀಪ್ನಿ ಹತ್ತಿಸುವಾಗ ಏಳು.
ಸರಿಯಾಗಿತ್ತು.
ಸರಿಯಾಗಿದೆ ಅಂತ ಗಂಡ ಎರಡು ಸಲ ಹೇಳಬೇಕಾಯಿತು.
ಅಂಬೊ ಅಡ್ಡಗೋಲಿನ ಮೇಲೆ ಕೂತು
ಹೊರಗೆ ಹೋಗುವವರನ್ನು ಎಣಿಸುತ್ತಿದ್ದ.
ನಮ್ಮತ್ತ ಕೈ ಬೀಸಲಿಲ್ಲ.
ಅತ್ತೆ ಒಂಟಿ ಚಪ್ಪಲಿಯನ್ನು ಸೆರಗಿಲ್ಲದ ಮಡಿಲಲ್ಲಿಟ್ಟು
ನಿದ್ದೆ ಹೋದಳು.

ಸೋಮವಾರ. ಫಲಕ ಮತ್ತೆ ಬಕ್ಲಾರನ್.
ಬೆಂಚಿನಡಿ ಮರಳು ಕರಕರ ಅನ್ನುತ್ತಿತ್ತು.
ಹದಿನಾರು ತಲೆ, ಹದಿನೇಳರ ಚಿಲ್ಲರೆ ಕೇಳಿದೆ.
"ಕಣ್ಣು ಕಾಣುವುದಿಲ್ಲವೇನಮ್ಮ?"
ಅಂದಳು ಕೋಳಿಬುಟ್ಟಿಯ ಹೆಂಗಸು.
ಮತ್ತೆ ಎಣಿಸಿದೆ,
ಬೆರಳು ಮಡಚಿ.